ಸಂಗೀತ ತಂತ್ರಾಂಶ: ಗ್ರಾಹಕನ ನಿಷ್ಠೆಗೆ ಬೆಲೆಯೆಷ್ಟು?

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಬೀರುವಿನಲ್ಲಿ ಮಖಮಲ್ಲು ಹಾಸಿದ ಮರದ ಪೆಟ್ಟಿಗೆಯೊಂದುಂಟು. ಅದರೊಳಗೆ ಎಂಟು ಶ್ರುತಿಕವೆಗಳು ಸಾಲಾಗಿ ಮಲಗಿವೆ. ನಾನು ಹುಟ್ಟುವುದಕ್ಕೂ ಮೊದಲು ಅವನ್ನು ಕೊಂಡರೆಂದು ದಾಸ್ತಾನು ಪುಸ್ತಕ ಹೇಳುತ್ತದೆ. 512 ಎಂಬ ಅಂಕೆಯನ್ನು ಹೊತ್ತ ಕವೆಯನ್ನು ರಬ್ಬರಿನ ಬಿರಡೆಗೆ ತಟ್ಟಿ ಕಿವಿಯ ಬಳಿ ಹಿಡಿಯಿರಿ; ಸೆಕೆಂಡಿಗೆ 512 ಕಂಪನಗಳ ಅದೇ ಸ್ವರ ಇಂದಿಗೂ ಹೊಮ್ಮುತ್ತದೆ. ಅದನ್ನು ತಯಾರಿಸಿದ ಕಾರ್ಖಾನೆ ಈಗ ಇದೆಯೋ ಇಲ್ಲವೋ, ಅದರ ಒಡೆಯರು ಯಾರೋ, ಶ್ರುತಿಕವೆಗೆ ಆ ಚಿಂತೆಯೇ ಇಲ್ಲ.

ಅದೇ ಬೀರುವಿನ ಕೆಳಗಿನ ಅರೆಯಲ್ಲಿ ಇನ್ನೊಂದು ಪೆಟ್ಟಿಗೆಯಿದೆ. ಕೆಲವು ವರ್ಷಗಳ ಹಿಂದೆ ಧ್ವನಿತರಂಗಗಳನ್ನು ಮುದ್ರಿಸಿ ವಿಶ್ಲೇಷಿಸುವ ತಂತ್ರಾಂಶವೊಂದನ್ನು ಸಾಕಷ್ಟು ಹಣ ತೆತ್ತು ತರಿಸಿದ್ದೆವು. ಇದು ಅದರ ಪೆಟ್ಟಿಗೆ. ಮೂರು ತಂಡಗಳ ವಿದ್ಯಾರ್ಥಿಗಳು ತಂಬೂರಿಯ ನಾಲ್ಕು ತಂತಿಗಳ ನಾದವನ್ನು ಅದರಲ್ಲಿ ಮುದ್ರಿಸಿ, ಅನುಸ್ವರಗಳನ್ನು ಅಳೆದು, ಕಡತಗಳನ್ನು ಜೋಪಾನವಾಗಿಟ್ಟಿದ್ದರು. ಒಂದು ದಿನ ಗಣಕಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿ ತಂತ್ರಾಂಶವನ್ನು ಅಳವಡಿಸಲು ಹೋದಾಗ ಅದು ತನ್ನ ಸಂಸ್ಥೆಯ ಅನುಮತಿಯನ್ನು ಬೇಡಿತು. ಸಂಸ್ಥೆಯಾದರೋ, ‘ಆ ಆವೃತ್ತಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿದ್ದೇವೆ, ಹೊಸ ಆವೃತ್ತಿಗೆ ಚಂದಾ ಕಟ್ಟಿರಿ’ ಎಂದು ಉತ್ತರಿಸಿತು. ತಂಬೂರಿಯ ಕಡತಗಳು ಆ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿದ್ದವು. ಮೂರು ವರ್ಷಗಳ ಶ್ರಮ ಕಣ್ಣೆದುರಿಗೇ ಇದ್ದೂ ಇಲ್ಲದಂತಾಯಿತು.

‘ಸರ್, ಅದನ್ನು ನಾವು ಕೊಂಡಿದ್ದೆವಲ್ಲ? ಕೊಂಡದ್ದು ನಮ್ಮದಲ್ಲವೆ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪ್ರಶ್ನೆ ಸರಳವಾಗಿದೆ. ಉತ್ತರಕ್ಕೆ ಮಾತ್ರ ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಇತಿಹಾಸ ಮೂರೂ ಬೇಕಾಗುತ್ತವೆ. ಸಂಗೀತ ತಂತ್ರಾಂಶಗಳ ಲೋಕ ಈ ಪಾಠಕ್ಕೆ ಬಹಳ ಒಳ್ಳೆಯ ಉದಾಹರಣೆ.

ಮೊದಲ ಪ್ರತಿ, ಎರಡನೆಯ ಪ್ರತಿ

ಗಣಕಯಂತ್ರದಿಂದ ಸಂಗೀತವನ್ನು ಹೊರಡಿಸುವ ಕಾರ್ಯ ಹೊಸದೇನಲ್ಲ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರು ‘ಮ್ಯೂಸಿಕ್’ ಎಂಬ ಕ್ರಮವಿಧಿಯನ್ನು ಬರೆದು, ಐ.ಬಿ.ಎಂ. 704 ಯಂತ್ರದಿಂದ 17 ಸೆಕೆಂಡುಗಳ ಒಂದು ಪುಟ್ಟ ರಚನೆಯನ್ನು ನುಡಿಸಿದನು. 1980ರ ದಶಕದಲ್ಲಿ ಸಣ್ಣ ಗಣಕಯಂತ್ರಗಳು ಮನೆಮನೆಗೆ ಬಂದವು. 1983ರಲ್ಲಿ ‘ಮಿಡಿ’ ಎಂಬ ಸಾಮಾನ್ಯ ಒಪ್ಪಂದ ಜಾರಿಗೆ ಬಂದು, ಬೇರೆ ಬೇರೆ ಕಂಪನಿಗಳ ವಾದ್ಯಗಳೂ ಯಂತ್ರಗಳೂ ಒಂದೇ ಸಂಕೇತಭಾಷೆಯಲ್ಲಿ ಮಾತನಾಡತೊಡಗಿದವು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ಕ್ಯೂಬೇಸ್, ಆ ದೇಶದ್ದೇ ಆದ ಇಮ್ಯಾಜಿಕ್ ಸಂಸ್ಥೆಯ ಲಾಜಿಕ್, ಅಮೆರಿಕದ ಪ್ರೊ ಟೂಲ್ಸ್, ಸ್ವರಲಿಪಿಯನ್ನು ಅಚ್ಚುಕಟ್ಟಾಗಿ ಬರೆದುಕೊಡುವ ಫಿನಾಲೆ ಮತ್ತು ಸಿಬೆಲಿಯಸ್, ಇವೆಲ್ಲ ಅನಂತರದ ಹತ್ತು ವರ್ಷಗಳ ಆಸುಪಾಸಿನಲ್ಲಿ ಹುಟ್ಟಿದುವು.

ಇವುಗಳ ಬೆಲೆ ಮೊದಲಿನಿಂದಲೂ ಹೆಚ್ಚು. ಲಾಜಿಕ್‌ನ ಪೂರ್ಣ ಆವೃತ್ತಿಗೆ 2004ರಲ್ಲಿ 999 ಡಾಲರುಗಳನ್ನು ತೆರಬೇಕಾಗಿತ್ತು. ಕಾರಣವೇನು? ತಂತ್ರಾಂಶದ ಮೊದಲ ಪ್ರತಿಯನ್ನು ಸಿದ್ಧಪಡಿಸಲು ಹಲವಾರು ತಜ್ಞರು ವರ್ಷಗಟ್ಟಲೆ ದುಡಿಯಬೇಕು. ಎರಡನೆಯ ಪ್ರತಿಗೆ ಖರ್ಚು ಹೆಚ್ಚುಕಡಮೆ ಸೊನ್ನೆ. ಬರೆಯುವ ಯಂತ್ರವನ್ನೋ ವೀಣೆಯನ್ನೋ ಮಾಡುವವನಿಗೆ ಪ್ರತಿಯೊಂದಕ್ಕೂ ಲೋಹ, ಮರ, ಕೂಲಿ ಬೇಕು. ಆದಕಾರಣ ಬೆಲೆ ಅವುಗಳ ವೆಚ್ಚಕ್ಕೆ ಅಂಟಿಕೊಂಡಿರುತ್ತದೆ. ತಂತ್ರಾಂಶದಲ್ಲಿ ಅಂಥ ಲಂಗರು ಇಲ್ಲ. ಮೊದಲ ಪ್ರತಿಯ ವೆಚ್ಚವನ್ನು ಕೊಳ್ಳುವವರ ನಡುವೆ ಹಂಚಬೇಕಷ್ಟೆ. ಪತ್ರ ಬರೆಯುವ ತಂತ್ರಾಂಶವನ್ನು ಕೋಟ್ಯಂತರ ಜನ ಕೊಳ್ಳುವರು. ವಾದ್ಯವೃಂದಕ್ಕೆ ಸ್ವರಲಿಪಿ ಬರೆಯುವ ತಂತ್ರಾಂಶವನ್ನು ಕೊಳ್ಳುವವರು ಅದರ ಅಲ್ಪ ಭಾಗ. ಭಾಜಕ ಚಿಕ್ಕದಾದಷ್ಟೂ ಭಾಗಲಬ್ಧ ದೊಡ್ಡದು.

ಸವೆಯದ ವಸ್ತುವಿನ ಸಂಕಟ

ಹೀಗೆ ಮಾರಿದ ಮೇಲೆ ತಯಾರಕನಿಗೆ ವಿಚಿತ್ರವಾದ ಸಂಕಟವೊಂದು ಎದುರಾಗುತ್ತದೆ. ಚಪ್ಪಲಿ ಸವೆಯುತ್ತದೆ, ಗಿರಾಕಿ ಮತ್ತೆ ಬರುತ್ತಾನೆ. ತಂತ್ರಾಂಶ ಸವೆಯುವುದಿಲ್ಲ. ಸಾವಿರ ಸಲ ಬಳಸಿದರೂ ಅದರ ಒಂದು ಅಂಕೆಯೂ ಅಳಿಸಿಹೋಗದು. ಇಂಥ ಬಾಳಿಕೆಯ ವಸ್ತುವನ್ನು ಮಾರುವವನು ತನಗೆ ತಾನೇ ಪ್ರತಿಸ್ಪರ್ಧಿಯಾಗುತ್ತಾನೆ. ಐದನೆಯ ಆವೃತ್ತಿಯ ಅತಿ ದೊಡ್ಡ ಶತ್ರು ಪರದೇಶದ ಇನ್ನಾವುದೋ ಕಂಪನಿಯಲ್ಲ. ಗಿರಾಕಿಯ ಮನೆಯಲ್ಲಿ ಆಗಲೇ ಇರುವ ನಾಲ್ಕನೆಯ ಆವೃತ್ತಿ.

1991ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕ ಪಡೆದ ರೊನಾಲ್ಡ್ ಕೋಸ್ ಎಂಬ ವಿದ್ವಾಂಸನು 1972ರಲ್ಲಿಯೇ ಈ ಸಮಸ್ಯೆಯನ್ನು ವಿವೇಚಿಸಿದ್ದನು. ಒಂದು ದೇಶದ ಭೂಮಿಯೆಲ್ಲ ಒಬ್ಬನದೇ ಎಂದು ಭಾವಿಸೋಣ. ಅವನು ಸ್ವಲ್ಪ ಭೂಮಿಯನ್ನು ಹೆಚ್ಚು ಬೆಲೆಗೆ ಮಾರಿದ ಮೇಲೆ ಉಳಿದುದನ್ನು ಅಗ್ಗವಾಗಿ ಮಾರಲು ಅವನಿಗೆ ಆಸೆಯಾಗುತ್ತದೆ. ಈ ಆಸೆ ಜನರಿಗೆ ಮೊದಲೇ ತಿಳಿದಿರುವುದರಿಂದ ಅವರು ಕಾಯುತ್ತಾರೆ. ಕಾಯುವುದರಿಂದ ಮೊದಲ ಬೆಲೆಯೂ ನಿಲ್ಲುವುದಿಲ್ಲ. ಇದರಿಂದ ಪಾರಾಗಲು ಕೋಸ್ ಗುರುತಿಸಿದ ದಾರಿಗಳಲ್ಲಿ ಒಂದು: ಮಾರಬೇಡ, ಗೇಣಿಗೆ ಕೊಡು. ಈ ಮಾತನ್ನು ನೆನಪಿಡಿ. ಮುಂದೆ ಇದರ ಉಪಯೋಗವಿದೆ.

ತಂತ್ರಾಂಶದವರು ಮೊದಲು ಹಿಡಿದ ದಾರಿ ಬೇರೆ. ಎರಡು ಮೂರು ವರ್ಷಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುವುದು, ಹಳೆಯ ಗ್ರಾಹಕರಿಗೆ ಅದನ್ನು ರಿಯಾಯಿತಿ ದರದಲ್ಲಿ ಕೊಡುವುದು. ಇದನ್ನು ‘ನಿಷ್ಠೆಗೆ ಬಹುಮಾನ’ ಎಂದು ಜಾಹೀರಾತುಗಳು ಬಣ್ಣಿಸುತ್ತವೆ. ನಿಜವಾಗಿ ಇದು ಬಹುಮಾನವಲ್ಲ, ಗಣಿತ. ಹೊಸ ಗ್ರಾಹಕನು ಇಡೀ ತಂತ್ರಾಂಶಕ್ಕೆ ಬೆಲೆ ಕಟ್ಟುತ್ತಾನೆ. ಹಳಬನ ಬಳಿ ಅದರ ಬಹುಪಾಲು ಈಗಾಗಲೇ ಇರುವುದರಿಂದ ಅವನು ಹೊಸದಕ್ಕೂ ಹಳೆಯದಕ್ಕೂ ನಡುವಣ ವ್ಯತ್ಯಾಸಕ್ಕೆ ಮಾತ್ರ ಬೆಲೆ ಕಟ್ಟುತ್ತಾನೆ. ಆ ವ್ಯತ್ಯಾಸಕ್ಕಿಂತ ಹೆಚ್ಚು ಕೇಳಿದರೆ ಅವನು ಹಳೆಯದರಲ್ಲಿಯೇ ತೃಪ್ತನಾಗಿ ಕುಳಿತುಬಿಡುತ್ತಾನೆ.

ಕೆಲವು ಸಂಸ್ಥೆಗಳು ಇನ್ನೂ ಒಂದು ಮರ್ಯಾದೆಯನ್ನು ಪಾಲಿಸುತ್ತವೆ. ಹೊಸ ಆವೃತ್ತಿ ಬರುವುದಕ್ಕೆ ಕೆಲವು ವಾರಗಳ ಮುನ್ನ ಹಳೆಯದನ್ನು ಕೊಂಡವರಿಗೆ ಹೊಸದನ್ನು ಉಚಿತವಾಗಿ ಕೊಡುವುದುಂಟು. ಇಲ್ಲದಿದ್ದರೆ ಹೊಸದು ಬರಲಿದೆಯೆಂಬ ಗಾಳಿಸುದ್ದಿಯಿಂದಲೇ ಮಾರಾಟ ನಿಂತುಹೋಗುವುದು. ಇಲ್ಲಿಯೂ ಕೋಸ್ ಹೇಳಿದ ‘ಕಾಯುವ ಗಿರಾಕಿ’ಯನ್ನೇ ಕಾಣುತ್ತೇವೆ.

ತುಕ್ಕು ಹಿಡಿಯುವುದು ಎಲ್ಲಿ?

‘ಹಾಗಾದರೆ ನಾನು ನಾಲ್ಕನೆಯ ಆವೃತ್ತಿಯಲ್ಲಿಯೇ ಜೀವಮಾನವಿಡೀ ಇದ್ದುಬಿಡುತ್ತೇನೆ’ ಎಂದು ಜಾಣ ಓದುಗನು ಹೇಳಬಹುದು. ಸಾಧ್ಯವಿಲ್ಲ. ಏಕೆಂಬುದನ್ನು ಭೌತವಿಜ್ಞಾನ ಹೇಳುತ್ತದೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಅಂಥ ಅಲೆಯನ್ನು ಅಂಕೆಗಳಲ್ಲಿ ಹಿಡಿದಿಡಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಅಡಕಮುದ್ರಿಕೆಯಲ್ಲಿ, ಎಂದರೆ ಸಿ.ಡಿ.ಯಲ್ಲಿ, ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಎಡಕ್ಕೊಂದು ಬಲಕ್ಕೊಂದರಂತೆ ಎರಡು ಪ್ರವಾಹಗಳು. ಇಂಥ ಹತ್ತಾರು ವಾದ್ಯಗಳ ಪ್ರವಾಹಗಳನ್ನು ಗಣಕಯಂತ್ರ ಕೂಡಿಸಿ, ಸೋಸಿ, ಪ್ರತಿಧ್ವನಿ ಬೆರೆಸಿ ಹೊರಗೆ ಕಳುಹಬೇಕು. ಅದೂ ನಿಧಾನವಾಗಿ ಅಲ್ಲ. ವಾದಕನು ಮನೆಯನ್ನು ಒತ್ತಿದ ಕ್ಷಣಕ್ಕೂ ಸ್ವರ ಕೇಳುವ ಕ್ಷಣಕ್ಕೂ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರವಿದ್ದರೆ, ಅದು ವಾದ್ಯದಿಂದ ಸುಮಾರು 3.4 ಮೀಟರ್ ದೂರದಲ್ಲಿ ನಿಂತು ಕೇಳಿದಂತೆ. ಅಂತರ ಇದರ ನಾಲ್ಕೈದರಷ್ಟಾದರೆ ತಾಳ ಹಿಡಿಯುವುದೇ ಕಷ್ಟ. ಲೆಕ್ಕ ಒಮ್ಮೆ ತಡವಾದರೂ ಕಿವಿಗೆ ‘ಚಟ್’ ಎಂಬ ಸದ್ದು ಕೇಳುತ್ತದೆ.

ಪತ್ರ ಬರೆಯುವ ತಂತ್ರಾಂಶ ಅರ್ಧ ಸೆಕೆಂಡು ತಡೆದರೆ ಯಾರೂ ಗಮನಿಸರು. ಸಂಗೀತ ತಂತ್ರಾಂಶಕ್ಕೆ ಆ ಸೌಕರ್ಯವಿಲ್ಲ. ಆದುದರಿಂದ ಅದು ಯಂತ್ರದ ಸಂಸ್ಕಾರಕವನ್ನೂ ಕಾರ್ಯಾಚರಣ ವ್ಯವಸ್ಥೆಯನ್ನೂ ಬಹಳ ಬಿಗಿಯಾಗಿ ಅಪ್ಪಿಕೊಂಡಿರಬೇಕಾಗುತ್ತದೆ. ಅವು ಬದಲಾದಾಗ ಅಪ್ಪುಗೆ ಕಳಚುತ್ತದೆ. ಆಪಲ್ ಸಂಸ್ಥೆ ತನ್ನ ಯಂತ್ರಗಳ ಸಂಸ್ಕಾರಕದ ಜಾತಿಯನ್ನೇ 2006ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಬದಲಿಸಿತು. 2019ರಲ್ಲಿ ಹೊರಬಂದ ಅದರ ಕಾರ್ಯಾಚರಣ ವ್ಯವಸ್ಥೆ 32 ಬಿಟ್‌ಗಳ ಹಳೆಯ ತಂತ್ರಾಂಶಗಳನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಪ್ರತಿಯೊಂದು ಸಲವೂ ಸಂಗೀತ ತಂತ್ರಾಂಶದವರು ತಮ್ಮ ಕೆಲಸವನ್ನು ತಿದ್ದಿ ಬರೆಯಬೇಕಾಯಿತು. ತಂತ್ರಾಂಶ ತಾನಾಗಿ ತುಕ್ಕು ಹಿಡಿಯದು ನಿಜ; ಅದರ ಕಾಲಡಿಯ ನೆಲ ಜರುಗುತ್ತಿರುತ್ತದೆ. ನವೀಕರಣದ ಹಣವೆಲ್ಲ ದುರಾಸೆಯಿಂದ ಕೇಳಿದ್ದೆಂದು ಹೇಳುವುದು ಅನ್ಯಾಯ. ಜರುಗುವ ನೆಲದ ಮೇಲೆ ಮನೆಯನ್ನು ನೆಟ್ಟಗೆ ನಿಲ್ಲಿಸುವವರಿಗೆ ಸಂಬಳ ಬೇಕಷ್ಟೆ.

ನಿಷ್ಠೆಯೋ, ತಗ್ಗಿನಲ್ಲಿ ಬಿದ್ದ ಗೋಲಿಯೋ?

ಈಗ ಗ್ರಾಹಕನ ಕಡೆಗೆ ತಿರುಗೋಣ. ಒಬ್ಬ ಸಂಗೀತಗಾರನು ಇಪ್ಪತ್ತು ವರ್ಷಗಳಿಂದ ಒಂದೇ ತಂತ್ರಾಂಶವನ್ನು ಬಳಸುತ್ತಿದ್ದಾನೆಂದರೆ ಅದು ಪ್ರೀತಿಯೋ ನಿರ್ಬಂಧವೋ?

ಬೋಗುಣಿಯ ತಳದಲ್ಲಿರುವ ಗೋಲಿಯನ್ನು ಊಹಿಸಿರಿ. ಪಕ್ಕದಲ್ಲಿ ಇನ್ನೂ ಆಳವಾದ ಬೋಗುಣಿಯೊಂದಿದ್ದರೂ ಗೋಲಿ ತಾನಾಗಿ ಅಲ್ಲಿಗೆ ಹೋಗದು. ನಡುವಣ ಅಂಚನ್ನು ಏರಲು ಶಕ್ತಿ ಬೇಕು. ಭೌತವಿಜ್ಞಾನದಲ್ಲಿ ಇದಕ್ಕೆ ವಿಭವದ ತಡೆ ಎನ್ನುತ್ತೇವೆ. ಸಂಗೀತಗಾರನ ಎದುರಿಗಿರುವ ಅಂಚಿನ ಎತ್ತರ ಎಷ್ಟು? ಬೆರಳುಗಳಿಗೆ ರೂಢಿಯಾದ ನೂರಾರು ಕೀಲಿಸಂಜ್ಞೆಗಳು. ತಾನೇ ಜೋಡಿಸಿಕೊಂಡ ಧ್ವನಿಗಳು. ಒಟ್ಟಿಗೆ ಕೆಲಸ ಮಾಡುವ ಗೆಳೆಯರು ಬಳಸುವುದೂ ಅದೇ ಎಂಬ ಅನುಕೂಲ. ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ರಚನೆಗಳ ಕಡತಗಳು. ಇವುಗಳ ಒಟ್ಟು ಮೊತ್ತವನ್ನು ಅರ್ಥಶಾಸ್ತ್ರಜ್ಞರು ‘ಬದಲಾವಣೆಯ ವೆಚ್ಚ’ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಪಾಲ್ ಕ್ಲೆಂಪರರ್ 1987ರಿಂದ ಇದನ್ನು ಗಣಿತದ ಮೂಲಕ ವಿವೇಚಿಸಿದರು. ಹಾಲ್ ವೇರಿಯನ್ ಮತ್ತು ಕಾರ್ಲ್ ಶಪಿರೊ 1990ರ ದಶಕದ ಕೊನೆಯಲ್ಲಿ ಬರೆದ ಪುಸ್ತಕವೊಂದು ಇದನ್ನು ಜನಸಾಮಾನ್ಯರಿಗೂ ಪರಿಚಯಿಸಿತು.

ಕ್ಲೆಂಪರರ್ ಅವರ ವಿವೇಚನೆಯಿಂದ ತಿಳಿಯುವ ಮುಖ್ಯ ಸಂಗತಿ ಇದು: ಬದಲಾವಣೆಯ ವೆಚ್ಚವಿರುವ ಮಾರುಕಟ್ಟೆಯಲ್ಲಿ ಹೊಸ ಗ್ರಾಹಕನಿಗೆ ಅಗ್ಗ, ಹಳೆಯ ಗ್ರಾಹಕನಿಗೆ ದುಬಾರಿ ಎಂಬ ಪ್ರವೃತ್ತಿ ಹುಟ್ಟುತ್ತದೆ. ಮೊದಲು ಗೋಲಿಯನ್ನು ಬೋಗುಣಿಗೆ ಬೀಳಿಸಲು ಖರ್ಚು ಮಾಡು. ಬಿದ್ದ ಮೇಲೆ ಅಂಚಿನ ಎತ್ತರದಷ್ಟು ಹೆಚ್ಚು ಬೆಲೆ ಕೇಳಿದರೂ ಅದು ಹೊರಡದು. ವಿದ್ಯಾರ್ಥಿಗಳಾದ ನಿಮಗೆ ಅನೇಕ ಸಂಸ್ಥೆಗಳು ಅರ್ಧ ಬೆಲೆಯಲ್ಲಿ ತಂತ್ರಾಂಶ ಕೊಡುತ್ತವೆ. ಅದನ್ನು ಪಡೆಯಬೇಡಿರೆಂದು ನಾನು ಹೇಳುವುದಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಬೆರಳುಗಳು ಕಲಿತದ್ದನ್ನು ನಲವತ್ತರಲ್ಲಿ ಮರೆಯುವುದು ಕಷ್ಟವೆಂಬುದು ಆ ಸಂಸ್ಥೆಗಳಿಗೆ ಗೊತ್ತಿದೆ ಎಂಬುದನ್ನು ಮಾತ್ರ ತಿಳಿದಿರಿ. ಹಬ್ಬದ ಮಾರಾಟದಲ್ಲಿ ಕೆಲವೊಮ್ಮೆ ಹೊಸಬನಿಗೆ ಇಡೀ ತಂತ್ರಾಂಶ ದೊರೆಯುವ ಬೆಲೆ ಹಳಬನ ನವೀಕರಣದ ಬೆಲೆಯನ್ನು ಮುಟ್ಟುವುದುಂಟು. ಹಳೆಯ ಗ್ರಾಹಕರು ಆಗ ಕೆರಳುವುದು ಸಹಜ. ಆದರೆ ಅದು ಆಕಸ್ಮಿಕವಲ್ಲ.

ಅಂಚನ್ನು ತಗ್ಗಿಸುವ ಉಪಾಯಗಳೂ ಇವೆ. ಪ್ರತಿಸ್ಪರ್ಧಿ ಸಂಸ್ಥೆ ‘ಅವರ ತಂತ್ರಾಂಶ ನಿಮ್ಮಲ್ಲಿದ್ದರೆ ನಮ್ಮದು ಕಡಮೆ ಬೆಲೆಗೆ’ ಎಂದು ಕರೆಯುತ್ತದೆ; ಇದನ್ನು ಪಕ್ಷಾಂತರದ ರಿಯಾಯಿತಿ ಎನ್ನಬಹುದು. ಇದಕ್ಕಿಂತ ಉತ್ತಮವಾದುದು ಎಲ್ಲರೂ ಒಪ್ಪಿದ ಕಡತರೂಪ. ಸ್ವರಲಿಪಿಗಾಗಿ ಮೈಕೆಲ್ ಗುಡ್ ಎಂಬಾತ ರೂಪಿಸಿದ ‘ಮ್ಯೂಸಿಕ್ ಎಕ್ಸ್.ಎಂ.ಎಲ್.’ ಎಂಬ ರೂಪದ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಬಂದಿತು. ಒಂದು ತಂತ್ರಾಂಶದಲ್ಲಿ ಬರೆದುದನ್ನು ಇದರ ಮೂಲಕ ಇನ್ನೊಂದಕ್ಕೆ ಒಯ್ಯಬಹುದು. ರಾಸಾಯನಿಕ ಕ್ರಿಯೆಯಲ್ಲಿ ವೇಗವರ್ಧಕವು ತಡೆಯನ್ನು ತಗ್ಗಿಸುವಂತೆ ಇದರ ಕೆಲಸ. ಅಲಂಕಾರಗಳು, ಪುಟದ ಸೂಕ್ಷ್ಮ ವಿನ್ಯಾಸ ಮುಂತಾದುವು ಮಾತ್ರ ಸಾಗಣೆಯಲ್ಲಿ ಸ್ವಲ್ಪ ಕೆಡುತ್ತವೆ.

ಕೊಳ್ಳುವುದೋ, ಚಂದಾ ಕಟ್ಟುವುದೋ?

ಕೋಸ್ ಹೇಳಿದ ‘ಗೇಣಿ’ಯ ದಾರಿಗೆ ಈಗ ಬರೋಣ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅನೇಕ ಸಂಸ್ಥೆಗಳು ಮಾರಾಟದ ಜತೆಗೆ ಅಥವಾ ಅದರ ಬದಲಾಗಿ ಚಂದಾ ಪದ್ಧತಿಯನ್ನು ತಂದಿವೆ. ತಿಂಗಳಿಗಿಷ್ಟು ಎಂದು ಕಟ್ಟುತ್ತಿದ್ದರೆ ಸದಾ ಹೊಸ ಆವೃತ್ತಿ ಕೈಯಲ್ಲಿರುತ್ತದೆ. ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತದೆ.

ಯಾವುದು ಲಾಭ? ಒಂದು ಕಲ್ಪಿತ ಲೆಕ್ಕ ಹಾಕೋಣ. ತಂತ್ರಾಂಶದ ಬೆಲೆ 30,000 ರೂಪಾಯಿ. ಎರಡು ವರ್ಷಗಳಿಗೊಮ್ಮೆ ನವೀಕರಣಕ್ಕೆ 8,000 ರೂಪಾಯಿ. ಚಂದಾ ಆದರೆ ತಿಂಗಳಿಗೆ 800 ರೂಪಾಯಿ, ಅಂದರೆ ವರ್ಷಕ್ಕೆ 9,600. ಮೊದಲ ಎರಡು ವರ್ಷಗಳಲ್ಲಿ ಚಂದಾದಾರನು 19,200 ತೆತ್ತಿರುತ್ತಾನೆ, ಕೊಂಡವನು 30,000. ನಾಲ್ಕನೆಯ ವರ್ಷದ ಅಂತ್ಯಕ್ಕೆ ಚಂದಾದಾರನದು 38,400. ಒಮ್ಮೆ ನವೀಕರಿಸಿದ ಮಾಲೀಕನದು 38,000. ಇಲ್ಲಿಗೆ ಎರಡೂ ಸಮವಾದುವು. ಹತ್ತನೆಯ ವರ್ಷದ ಅಂತ್ಯಕ್ಕೆ ಚಂದಾದಾರನದು 96,000. ನಾಲ್ಕು ಸಲ ನವೀಕರಿಸಿದ ಮಾಲೀಕನದು 62,000. ಒಂದೆರಡು ವರ್ಷಗಳ ಕೆಲಸವಿದ್ದವನಿಗೆ ಚಂದಾ ಲಾಭ. ಬಾಳಿನುದ್ದಕ್ಕೂ ಅದೇ ಕಸುಬಿನಲ್ಲಿ ಇರುವವನಿಗೆ ಕೊಳ್ಳುವುದು ಲಾಭ. ಹಣಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕೈ ಬರಿದಾದ ವರ್ಷ ಮಾಲೀಕನು ನವೀಕರಿಸದೆ ಕುಳಿತಿರಬಹುದು, ಅವನ ಕೆಲಸ ನಿಲ್ಲದು. ಚಂದಾದಾರನಿಗೆ ಆ ಸ್ವಾತಂತ್ರ್ಯವಿಲ್ಲ.

ಈ ಸ್ವಾತಂತ್ರ್ಯದ ಬೆಲೆ ಎಷ್ಟೆಂಬುದನ್ನು 2023ರ ಮಾರ್ಚಿಯಲ್ಲಿ ನಡೆದ ಘಟನೆಯೊಂದು ತೋರಿಸಿಕೊಟ್ಟಿತು. ಧ್ವನಿಸಂಸ್ಕರಣದಲ್ಲಿ ಹೆಸರಾದ ಇಸ್ರೇಲಿನ ವೇವ್ಸ್ ಸಂಸ್ಥೆ ತನ್ನ ತಂತ್ರಾಂಶಗಳನ್ನು ಮಾರುವುದನ್ನು ನಿಲ್ಲಿಸಿ ಇನ್ನು ಚಂದಾ ಮಾತ್ರವೇ ಎಂದು ಘೋಷಿಸಿತು. ವರ್ಷಗಳಿಂದ ಒಂದೊಂದಾಗಿ ಕೊಂಡು ಕೂಡಿಸಿಕೊಂಡಿದ್ದ ಗ್ರಾಹಕರ ಆಕ್ರೋಶ ಎಷ್ಟಾಯಿತೆಂದರೆ, ಒಂದು ವಾರ ಕಳೆಯುವುದರೊಳಗೆ ಸಂಸ್ಥೆ ಕ್ಷಮೆ ಕೇಳಿ ಮಾರಾಟವನ್ನು ಮತ್ತೆ ಆರಂಭಿಸಿತು. ಬೋಗುಣಿಯ ಅಂಚು ಎಷ್ಟೇ ಎತ್ತರವಿದ್ದರೂ ಬೋಗುಣಿಯನ್ನೇ ಅಲುಗಿಸಿದರೆ ಗೋಲಿಗಳು ಹೊರಗೆ ಹಾರುವುದುಂಟು.

‘ಆಜೀವ’ ಎಂದರೆ ಯಾರ ಜೀವ?

ಪತ್ರಿಕೆಗಳಿಗೆ ಆಜೀವ ಚಂದಾ ಕಟ್ಟಿದವರು ನಮ್ಮಲ್ಲಿ ಅನೇಕರಿದ್ದಾರೆ. ಚಂದಾದಾರರು ಬದುಕಿದ್ದಂತೆಯೇ ಪತ್ರಿಕೆ ನಿಂತುಹೋದ ಉದಾಹರಣೆಗಳೂ ಅವರಿಗೆ ಗೊತ್ತು. ಸಂಗೀತ ತಂತ್ರಾಂಶಗಳಲ್ಲಿಯೂ ‘ಆಜೀವ ನವೀಕರಣ’ವೆಂಬ ಭರವಸೆ ಉಂಟು.

ಅಮೆರಿಕದಲ್ಲಿ 1987ರಲ್ಲಿ ಹುಟ್ಟಿದ ಕೇಕ್‌ವಾಕ್ ಎಂಬ ತಂತ್ರಾಂಶ ಮುಂದೆ ‘ಸೋನಾರ್’ ಎಂಬ ಹೆಸರಿನಲ್ಲಿ ಬೆಳೆಯಿತು. 2013ರಲ್ಲಿ ಅದು ಗಿಟಾರುಗಳಿಗೆ ಹೆಸರಾದ ಗಿಬ್ಸನ್ ಕಂಪನಿಯ ಕೈ ಸೇರಿತು. 2016ರಲ್ಲಿ ಸೋನಾರ್‌ನ ಅತ್ಯುನ್ನತ ಶ್ರೇಣಿಯನ್ನು ಕೊಂಡವರಿಗೆ ಆಜೀವ ಉಚಿತ ನವೀಕರಣವನ್ನು ಸಾರಲಾಯಿತು. 2017ರ ನವೆಂಬರಿನಲ್ಲಿ, ಅಂದರೆ ಒಂದೂವರೆ ವರ್ಷವೂ ತುಂಬುವ ಮೊದಲೇ, ಗಿಬ್ಸನ್ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಬಿಟ್ಟುದರಿಂದ ಕಥೆ ಪೂರ್ತಿ ದುರಂತವಾಗಲಿಲ್ಲ. ಆದರೆ ಆಜೀವವೆಂಬ ಮಾತಿನಲ್ಲಿದ್ದ ಜೀವ ಗ್ರಾಹಕನದಲ್ಲ, ಕಂಪನಿಯದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಹಾಗೆಂದು ಇಂಥ ಭರವಸೆಗಳೆಲ್ಲ ಪೊಳ್ಳಲ್ಲ. ಬೆಲ್ಜಿಯಂ ದೇಶದ ಇಮೇಜ್-ಲೈನ್ ಸಂಸ್ಥೆಯ ಎಫ್.ಎಲ್. ಸ್ಟುಡಿಯೊ ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ. ಒಮ್ಮೆ ಕೊಂಡವನಿಗೆ ಅದರ ಹೊಸ ಆವೃತ್ತಿಗಳೆಲ್ಲ ಇಂದಿಗೂ ಉಚಿತ. ಅದು ಹೇಗೆ ನಡೆಯುತ್ತದೆ? ಕೆರೆಯಿಂದ ನೀರು ಹರಿದುಹೋಗುತ್ತಿದ್ದರೂ ಒಳಹರಿವು ಅಷ್ಟೇ ಇದ್ದರೆ ಮಟ್ಟ ಇಳಿಯದು. ಹೊಸ ಹೊಸ ತರುಣರು ಪ್ರತಿವರ್ಷ ಬರುತ್ತಿರುವ ತನಕ, ಹೆಚ್ಚುವರಿ ಉಪಕರಣಗಳು ಬೇರೆಯಾಗಿ ಮಾರಾಟವಾಗುತ್ತಿರುವ ತನಕ ಹಳಬರ ನವೀಕರಣದ ಖರ್ಚು ಹೊರೆಯಲ್ಲ. ಒಳಹರಿವು ನಿಂತ ದಿನ ಯಾವ ಭರವಸೆಯೂ ಕೆರೆಯನ್ನು ತುಂಬಲಾರದು.

ಲಾಜಿಕ್‌ನದು ಮೂರನೆಯ ಬಗೆ. 2002ರಲ್ಲಿ ಆಪಲ್ ಸಂಸ್ಥೆ ಇಮ್ಯಾಜಿಕ್ ಅನ್ನು ಕೊಂಡಿತು. ಅದೇ ವರ್ಷ ವಿಂಡೋಸ್ ಯಂತ್ರಗಳಿಗಾಗಿ ಇದ್ದ ಲಾಜಿಕ್ ನಿಂತುಹೋಯಿತು. ಆ ಗ್ರಾಹಕರು ತಂತ್ರಾಂಶವನ್ನು ಬಿಡಬೇಕು, ಇಲ್ಲವೆ ಯಂತ್ರವನ್ನು ಬದಲಿಸಬೇಕು. ಉಳಿದವರಿಗೆ ಮಾತ್ರ ಸುಕಾಲ ಬಂದಿತು. 2004ರಲ್ಲಿ 999 ಡಾಲರ್ ಇದ್ದ ಬೆಲೆ 2007ರಲ್ಲಿ 499ಕ್ಕೂ, 2011ರಲ್ಲಿ 199.99ಕ್ಕೂ ಇಳಿಯಿತು. 2013ರಲ್ಲಿ ಬಂದ ಹತ್ತನೆಯ ಆವೃತ್ತಿಯನ್ನು ಹಳಬರೂ ಪೂರ್ಣ ಬೆಲೆಗೆ ಕೊಳ್ಳಬೇಕಾಯಿತಾದರೂ, ಆಮೇಲೆ 2024ರ ಹನ್ನೊಂದನೆಯ ಆವೃತ್ತಿಯವರೆಗೆ ಎಲ್ಲವೂ ಅವರಿಗೆ ಉಚಿತವಾಗಿ ದೊರೆತುವು. ಔದಾರ್ಯದ ಮೂಲ ಎಲ್ಲಿ? ಆಪಲ್ ಮುಖ್ಯವಾಗಿ ಯಂತ್ರಗಳನ್ನು ಮಾರುವ ಸಂಸ್ಥೆ. ಲಾಜಿಕ್ ಅದರ ಯಂತ್ರಗಳ ಮೇಲೆ ಮಾತ್ರ ನಡೆಯುತ್ತದೆ. ತಂತ್ರಾಂಶದ ನಷ್ಟವನ್ನು ಯಂತ್ರದ ಬೆಲೆ ತುಂಬಿಕೊಡಬಲ್ಲುದು.

ಫಿನಾಲೆಯ ಕೊನೆ

ಇದುವರೆಗೆ ಹೇಳಿದ ಎಲ್ಲ ಎಳೆಗಳೂ ಫಿನಾಲೆಯ ಕಥೆಯಲ್ಲಿ ಒಂದಾಗುತ್ತವೆ.

ಫಿನಾಲೆ 1988ರಲ್ಲಿ ಹೊರಬಂದಿತು. ಪಾಶ್ಚಾತ್ಯ ಸ್ವರಲಿಪಿಯನ್ನು ಕೈಬರಹದ ಕಷ್ಟವಿಲ್ಲದೆ ಅಚ್ಚಿಗೆ ಸಿದ್ಧಪಡಿಸುವ ಈ ಸಾಧನವನ್ನು ವಾಗ್ಗೇಯಕಾರರು, ಶಿಕ್ಷಕರು, ಪ್ರಕಾಶಕರು ಒಂದು ತಲೆಮಾರಿನುದ್ದಕ್ಕೂ ಬಳಸಿದರು. 2024ರ ಆಗಸ್ಟ್ 26ರಂದು ಅದರ ಒಡೆತನ ಹೊಂದಿದ್ದ ಮೇಕ್‌ಮ್ಯೂಸಿಕ್ ಸಂಸ್ಥೆ ಫಿನಾಲೆಯ ಅಭಿವೃದ್ಧಿಯನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮೂವತ್ತೈದು ವರ್ಷಗಳಲ್ಲಿ ಲಕ್ಷೋಪಲಕ್ಷ ಸಾಲುಗಳಾಗಿ ಬೆಳೆದ ಕ್ರಮವಿಧಿಯನ್ನು ಬದಲಾಗುತ್ತಿರುವ ಯಂತ್ರಗಳಿಗೆ ಹೊಂದಿಸಿಕೊಂಡು ಮುಂದುವರಿಯುವುದು ಕಷ್ಟವಾಯಿತೆಂಬುದು ಅದರ ವಿವರಣೆ. ನೆಲ ಜರುಗುತ್ತದೆಂದು ಹಿಂದೆ ಹೇಳಿದೆವಲ್ಲ, ಅದೇ.

ಆ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು: ಒಂದು ವರ್ಷದ ಅನಂತರ ಹೊಸ ಯಂತ್ರಗಳಲ್ಲಿ ಫಿನಾಲೆಗೆ ಅನುಮತಿ ದೊರೆಯುವುದಿಲ್ಲ. ಎಂದರೆ ಹಣ ಕೊಟ್ಟು ಕೊಂಡವನ ಯಂತ್ರ ಕೆಟ್ಟರೆ, ನಮ್ಮ ಪ್ರಯೋಗಶಾಲೆಯಲ್ಲಿ ಆದಂತೆಯೇ, ಅವನ ಕೃತಿಗಳು ಅವನಿಗೇ ತೆರೆಯವು. ಪ್ರತಿಭಟನೆ ಪ್ರಬಲವಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ನಿಯಮವನ್ನು ಕೈಬಿಟ್ಟು, ಅನುಮತಿ ನೀಡುವ ವ್ಯವಸ್ಥೆಯನ್ನು ಮುಂದುವರಿಸುವುದಾಗಿ ತಿಳಿಸಿತು.

ಫಿನಾಲೆಯ ಗ್ರಾಹಕರಿಗೆ ಸೂಚಿಸಿದ ಆಶ್ರಯವೆಂದರೆ ಸ್ಟೈನ್‌ಬರ್ಗ್‌ನ ಡೊರಿಕೊ. ಪೂರ್ಣ ಬೆಲೆಗಿಂತ ಬಹಳ ಕಡಮೆಯಾದ 149 ಡಾಲರುಗಳಿಗೆ ಅದನ್ನು ಕೊಡಲಾಯಿತು. ಈ ಡೊರಿಕೊ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಫಿನಾಲೆಯ ಪ್ರತಿಸ್ಪರ್ಧಿಯಾದ ಸಿಬೆಲಿಯಸ್ಸನ್ನು ಇಂಗ್ಲೆಂಡಿನ ಫಿನ್ ಎಂಬ ಅವಳಿ ಸೋದರರು 1993ರಲ್ಲಿ ಹೊರತಂದಿದ್ದರು. 2006ರಲ್ಲಿ ಅದನ್ನು ಅಮೆರಿಕದ ಏವಿಡ್ ಕಂಪನಿ ಕೊಂಡಿತು; 2012ರಲ್ಲಿ ಲಂಡನ್ನಿನ ಅದರ ಕಚೇರಿಯನ್ನು ಮುಚ್ಚಿತು. ಕೆಲಸ ಕಳೆದುಕೊಂಡ ತಂಡದ ಬಹುಮಂದಿಯನ್ನು ಸ್ಟೈನ್‌ಬರ್ಗ್ ಸೇರಿಸಿಕೊಂಡಿತು. ಅವರು ಹೊಸದಾಗಿ ಮೊದಲಿನಿಂದ ಬರೆದ ತಂತ್ರಾಂಶವೇ 2016ರಲ್ಲಿ ಹೊರಬಂದ ಡೊರಿಕೊ. ಗ್ರಾಹಕರಿಂದ ಸಂಸ್ಥೆಗಳು ನಿಷ್ಠೆಯನ್ನು ಬಯಸುತ್ತವೆ. ಆದರೆ ಗ್ರಾಹಕನ ನಿಷ್ಠೆ ನಿಜವಾಗಿ ಸಲ್ಲಬೇಕಾದದ್ದು ಹೆಸರಿಗೋ, ಕೆಲಸ ಮಾಡಿದ ಜನರಿಗೋ ಎಂದು ಇಲ್ಲಿ ಯಾರಾದರೂ ಕೇಳಿಕೊಂಡಾರು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಕೊಂಡದ್ದು ನಮ್ಮದಲ್ಲವೆ? ನಾವು ಕೊಂಡದ್ದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು. ಪರವಾನಗಿಯ ಅರ್ಥ ಎಲ್ಲಿಯವರೆಗೆ ಚಾಚುತ್ತದೆಂಬುದು ನ್ಯಾಯಾಲಯಗಳಿಗೂ ಚರ್ಚೆಯ ವಿಷಯ. 2012ರಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯವು, ಕಾಲಮಿತಿಯಿಲ್ಲದ ಪರವಾನಗಿಯನ್ನು ಹಣ ಪಡೆದು ಕೊಟ್ಟರೆ ಅದು ಮಾರಾಟವೇ ಸರಿ, ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರಬಹುದು ಎಂದು ತೀರ್ಪಿತ್ತಿತು. ಚಂದಾಕ್ಕೆ ಈ ಮಾತು ಅನ್ವಯಿಸದು. ಕಾಲಮಿತಿಯುಳ್ಳ ವಸ್ತುವಿನಲ್ಲಿ ಮಾರಲು ಉಳಿಯುವುದೇನು?

ಆದುದರಿಂದ ಸಂಗೀತ ತಂತ್ರಾಂಶಕ್ಕೆ ಹಣ ತೆರುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವಿವೇಕ. ಯಂತ್ರ ಕೆಟ್ಟರೆ ಯಾರನ್ನು ಕೇಳದೆ ಮತ್ತೆ ಅಳವಡಿಸಬಹುದೆ? ಹಣ ಕಟ್ಟುವುದನ್ನು ನಿಲ್ಲಿಸಿದ ಮರುದಿನ ನನ್ನ ಕಡತಗಳು ತೆರೆಯುವುವೆ? ಅವನ್ನು ಎಲ್ಲರೂ ಓದಬಲ್ಲ ರೂಪಕ್ಕೆ ಮಾರ್ಪಡಿಸಬಹುದೆ? ಸಂಸ್ಥೆ ಇದುವರೆಗೆ ಹಳೆಯ ಗ್ರಾಹಕರನ್ನು ಹೇಗೆ ನಡೆಸಿಕೊಂಡಿದೆ? ಬೆಲೆಪಟ್ಟಿಯನ್ನು ನೋಡುವುದು ಇವುಗಳ ಅನಂತರ.

ಇವುಗಳಲ್ಲಿ ಮೂರನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ಕೃತಿ ಮುಗಿದ ದಿನವೇ ಅದರ ಒಂದು ಪ್ರತಿಯನ್ನು ಮ್ಯೂಸಿಕ್ ಎಕ್ಸ್.ಎಂ.ಎಲ್. ರೂಪದಲ್ಲಿ, ಧ್ವನಿಯನ್ನು ಸಾದಾ ‘ವೇವ್’ ರೂಪದಲ್ಲಿ, ಸ್ವರಲಿಪಿಯನ್ನು ಕಾಗದದ ಮೇಲೆ ತೆಗೆದಿಡಿ. ಮೂಲಕ್ರಮವಿಧಿ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳೂ ಇವೆ: ಸ್ವರಲಿಪಿಗೆ ಮ್ಯೂಸ್‌ಸ್ಕೋರ್, ಧ್ವನಿಮುದ್ರಣಕ್ಕೆ 2000ದಲ್ಲಿ ಹೊರಬಂದ ಆಡಾಸಿಟಿ. ದುಬಾರಿಯವುಗಳ ಎಲ್ಲ ಸೌಕರ್ಯಗಳೂ ಇವುಗಳಲ್ಲಿ ಇಲ್ಲ. ಆದರೆ ಒಮ್ಮೆ ಪಡೆದ ಪ್ರತಿಯನ್ನು ಯಾವ ಕಚೇರಿಯೂ ಹಿಂದಕ್ಕೆ ಕರೆಯಲಾರದು.

ನಮ್ಮ ಪ್ರಯೋಗಶಾಲೆಯಲ್ಲಿ ಈಗ ಅದನ್ನೇ ಬಳಸುತ್ತಿದ್ದೇವೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯೂ ಅವಳ ಗೆಳತಿಯರೂ ಮೂರು ಭಾನುವಾರ ಬಂದು ತಂಬೂರಿಯ ನಾದವನ್ನು ಹೊಸದಾಗಿ ಮುದ್ರಿಸಿದರು. ಅವರಿಗಿಂತ ಹಿಂದಿನವರು ಮುದ್ರಿಸಿದ್ದು ಮಾತ್ರ ತೆರೆಯದೆ ಹಾಗೆಯೇ ಉಳಿದಿದೆ. ಮುದ್ರಣಕ್ಕೆ ಮೊದಲು ಶ್ರುತಿಯನ್ನು ಸರಿನೋಡಬೇಕಲ್ಲ? ಅದಕ್ಕೆ ಆ ಮರದ ಪೆಟ್ಟಿಗೆಯಿಂದ ಶ್ರುತಿಕವೆಯನ್ನು ತೆಗೆದರು.